ಹದಿಹರೆಯದ ಚರ್ಮದ ಮೇಲಿನ ಗೆರೆಗಳು

ಹನ್ನೆರಡು, ಹದಿಮೂರು ವರ್ಷದ ಹುಡುಗಿ ಸ್ನಾನ ಮಾಡುವಾಗ ತನ್ನ ತೊಡೆಯ ಮೇಲೋ ಸೊಂಟದ ಬದಿಯಲ್ಲೋ ಕೆಂಪು ಮಿಶ್ರಿತ ಕಂದು ಗೆರೆಗಳನ್ನು ಕಾಣುತ್ತಾಳೆ. ಯಾರೋ ಉಗುರಿನಿಂದ ಗೀರಿದ ಹಾಗಿರುತ್ತದೆ, ಆದರೆ ನೋವಿಲ್ಲ. ಕೆಲವೊಮ್ಮೆ ಸ್ವಲ್ಪ ತುರಿಕೆ ಮಾತ್ರ. ಉಜ್ಜಿದರೆ ಹೋಗುವುದಿಲ್ಲ. ತಿಂಗಳು ಕಳೆದಂತೆ ಎದೆಯ ಮೇಲೆ, ಸೊಂಟದ ಹಿಂಭಾಗದಲ್ಲಿ ಇನ್ನೂ ಕೆಲವು ಮೂಡುತ್ತವೆ. ಅವಳು ಯಾರಿಗೂ ಹೇಳುವುದಿಲ್ಲ. ತಂಗಿಯ ಎದುರು ಬಟ್ಟೆ ಬದಲಿಸುವುದನ್ನು ನಿಲ್ಲಿಸುತ್ತಾಳೆ. ಹೆಂಗಸರು ಮಾತ್ರ ಸೇರುವ ಮದರಂಗಿಯ ರಾತ್ರಿಯಲ್ಲೂ ಉದ್ದ ತೋಳಿನ ಉಡುಪನ್ನೇ ಹಟದಿಂದ ಹಾಕಿಕೊಳ್ಳುತ್ತಾಳೆ.

ಇವನ್ನು ಸ್ಟ್ರೆಚ್ ಮಾರ್ಕ್ಸ್ ಎನ್ನುತ್ತಾರೆ. ಹೆಚ್ಚಿನ ತಾಯಂದಿರಿಗೆ ಇವು ಗೊತ್ತು, ಆದರೆ ಗೊತ್ತಿರುವುದು ತಮ್ಮ ಹೊಟ್ಟೆಯ ಮೇಲಿನ ಬಸಿರಿನ ಗೆರೆಗಳಾಗಿ ಮಾತ್ರ. ತೊಂದರೆ ಶುರುವಾಗುವುದೇ ಇಲ್ಲಿ. ಮದುವೆಯಾಗದ ಮಗಳ ಮೈಮೇಲೆ ಅದೇ ಗೆರೆ ಕಂಡಾಗ ಕೆಲವು ಮನೆಗಳಲ್ಲಿ ಅನುಮಾನ ಹುಟ್ಟುತ್ತದೆ. ಹುಡುಗಿಯನ್ನು ಮೂಲೆಯಲ್ಲಿ ಕೂರಿಸಿ ಪ್ರಶ್ನೆ ಕೇಳುವವರೂ ಇದ್ದಾರೆ. ಆದ್ದರಿಂದ ಮೊದಲಿಗೇ ಸ್ಪಷ್ಟವಾಗಿ ಹೇಳಬೇಕು: ಈ ಗೆರೆಗಳಿಗೂ ಗರ್ಭಕ್ಕೂ ಇರುವ ಸಂಬಂಧ ಇಷ್ಟೇ. ಚರ್ಮ ಬೇಗ ಹಿಗ್ಗಬೇಕಾದ ಯಾವ ಸಂದರ್ಭದಲ್ಲೂ ಇವು ಬರಬಹುದು, ಗರ್ಭ ಅಂಥ ಸಂದರ್ಭಗಳಲ್ಲಿ ಒಂದು, ಹದಿಹರೆಯ ಇನ್ನೊಂದು. ಹೆತ್ತರೂ ಒಂದು ಗೆರೆಯೂ ಇಲ್ಲದ ಹೆಂಗಸರಿದ್ದಾರೆ. ಗಂಡುಮಕ್ಕಳಿಗೂ ಧಾರಾಳವಾಗಿ ಇವು ಬರುತ್ತವೆ. ಗೆರೆ ನೋಡಿ ಯಾರ ನಡತೆಯನ್ನೂ ಅಳೆಯಲಾಗದು. ಅತಿಯಾದ ಗುಮಾನಿಯಿಂದ ದೂರವಿರಬೇಕೆಂದು ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 12ನೇ ಸೂಕ್ತ ಎಚ್ಚರಿಸುತ್ತದೆ. ಆ ಎಚ್ಚರಿಕೆ ಸ್ವಂತ ಮಗಳ ವಿಷಯದಲ್ಲೂ ಅನ್ವಯಿಸುತ್ತದೆ.

ನಮ್ಮ ಚರ್ಮಕ್ಕೆ ಎರಡು ಮುಖ್ಯ ಪದರಗಳಿವೆ. ಮೇಲೆ ಕಾಣುವುದು ತೆಳುವಾದ ಹೊರಪದರ. ಅದರ ಕೆಳಗಿನ ದಪ್ಪ ಪದರದಲ್ಲಿ ಕೊಲಾಜನ್ ಮತ್ತು ಇಲಾಸ್ಟಿನ್ ಎಂಬ ನಾರುಗಳು ಬಟ್ಟೆಯ ಎಳೆಗಳಂತೆ ಹೆಣೆದುಕೊಂಡಿರುತ್ತವೆ. ಚರ್ಮವನ್ನು ಎಳೆದು ಬಿಟ್ಟರೆ ಮತ್ತೆ ಹಿಂದಕ್ಕೆ ಹೋಗುವುದು ಇವುಗಳಿಂದಲೇ. ಮೂಳೆ, ಸ್ನಾಯು, ಕೊಬ್ಬು ನಿಧಾನವಾಗಿ ಬೆಳೆದರೆ ನಾರುಗಳು ಹೊಂದಿಕೊಳ್ಳುತ್ತವೆ. ಹದಿಹರೆಯದಲ್ಲಿ ಬೆಳವಣಿಗೆ ನಿಧಾನವಾಗಿರುವುದಿಲ್ಲ. ಅತಿ ವೇಗದ ಆ ಒಂದೆರಡು ವರ್ಷಗಳಲ್ಲಿ ಹುಡುಗಿ ವರ್ಷಕ್ಕೆ ಸುಮಾರು 8 ಸೆಂಟಿಮೀಟರ್, ಹುಡುಗ 9ರಿಂದ 10 ಸೆಂಟಿಮೀಟರ್ ಎತ್ತರವಾಗಬಹುದು. ಅದೇ ಹೊತ್ತಿಗೆ ಹುಡುಗಿಯ ಸೊಂಟ, ತೊಡೆ, ಎದೆ ತುಂಬಿಕೊಳ್ಳುತ್ತವೆ. ಹಾರ್ಮೋನುಗಳ ಏರಿಳಿತವೂ ನಾರುಗಳ ಬಲ ಕುಗ್ಗಿಸುತ್ತದೆ. ಎಳೆತ ತಾಳದ ಕಡೆ ಒಳಪದರದ ನಾರುಗಳು ಹರಿಯುತ್ತವೆ. ದೇಹ ಅದನ್ನು ದುರಸ್ತಿ ಮಾಡಿದಾಗ ಉಳಿಯುವ ಕಲೆಯೇ ಈ ಗೆರೆ. ಹರಿದದ್ದು ಒಳಗೆ, ಹೊರಪದರ ಹಾಗೇ ಇರುತ್ತದೆ. ಹಾಗಾಗಿ ಗಾಯವಿಲ್ಲ, ರಕ್ತವಿಲ್ಲ, ಅಂಟುವ ಮಾತೂ ಇಲ್ಲ.

ಹೊಸ ಗೆರೆ ಬಿಳಿ ಚರ್ಮದವರಲ್ಲಿ ಕೆಂಪಗೆ, ನಮ್ಮಂಥ ಗೋಧಿ ಅಥವಾ ಕಪ್ಪು ಬಣ್ಣದವರಲ್ಲಿ ನೇರಳೆ ಇಲ್ಲವೇ ಗಾಢ ಕಂದಾಗಿ ಕಾಣುತ್ತದೆ. ತಿಂಗಳುಗಳು, ಕೆಲವೊಮ್ಮೆ ಒಂದೆರಡು ವರ್ಷ ಕಳೆದ ಮೇಲೆ ಅದು ಮಾಸಿ, ಚರ್ಮಕ್ಕಿಂತ ತುಸು ತಿಳಿಯಾದ ಸಣ್ಣ ಸುಕ್ಕಾಗಿ ನಿಲ್ಲುತ್ತದೆ. ಪೂರ್ತಿ ಅಳಿಸಿ ಹೋಗುವುದಿಲ್ಲ, ಆದರೆ ಬೆಳಕಿನಲ್ಲಿ ಹತ್ತಿರದಿಂದ ನೋಡಿದರೆ ಮಾತ್ರ ಗೊತ್ತಾಗುವಷ್ಟಾಗುತ್ತದೆ.

ಹುಡುಗರ ವಿಷಯವನ್ನು ಯಾರೂ ಬರೆಯುವುದಿಲ್ಲ. ಅವರಿಗೆ ಇವು ಹೆಚ್ಚಾಗಿ ಬರುವುದು ಬೆನ್ನಿನ ಕೆಳಭಾಗದಲ್ಲಿ, ಒಂದರ ಕೆಳಗೊಂದು ಅಡ್ಡಡ್ಡಲಾಗಿ. ಬೆತ್ತದಿಂದ ಹೊಡೆದ ಬಾಸುಂಡೆಯಂತೆಯೇ ಕಾಣುವುದರಿಂದ ಮಗುವಿಗೆ ಯಾರೋ ಹೊಡೆದಿದ್ದಾರೆಂದು ಹಿರಿಯರು ತಪ್ಪು ತಿಳಿದ ಪ್ರಸಂಗಗಳು ವೈದ್ಯಕೀಯ ಬರಹಗಳಲ್ಲೇ ದಾಖಲಾಗಿವೆ. ಶಾಲೆಗೋ ಮದ್ರಸಕ್ಕೋ ಜಗಳಕ್ಕೆ ಹೊರಡುವ ಮೊದಲು ಹುಡುಗನನ್ನು ಕೇಳಿ. ಏಟಿನ ಗುರುತು ಕೆಲವು ದಿನಗಳಲ್ಲಿ ಬಣ್ಣ ಬದಲಿಸಿ ಮಾಯವಾಗುತ್ತದೆ, ಇದು ಹಾಗೇ ಇರುತ್ತದೆ. ಜಿಮ್‌ಗೆ ಹೋಗಿ ಕೆಲವೇ ತಿಂಗಳಲ್ಲಿ ತೋಳು ಉಬ್ಬಿಸುವವರಿಗೆ ಭುಜ ಮತ್ತು ಕಂಕುಳ ಬಳಿ ಬರುವುದೂ ಉಂಟು. ಗೆಳೆಯರೊಂದಿಗೆ ಹೊಳೆಯಲ್ಲಿ ಈಜುವಾಗ ಮಗ ಅಂಗಿ ತೆಗೆಯಲು ಒಪ್ಪದಿದ್ದರೆ ಕಾರಣ ಇದೇ ಇರಬಹುದು.

ಮೈ ಮುಚ್ಚುವ ಉಡುಪು ಧರಿಸುವ ನಮ್ಮ ಹುಡುಗಿಯರಿಗೆ ಈ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಬೇರೆಯವರು ನೋಡದಿದ್ದರೇನು, ಅವಳು ದಿನವೂ ನೋಡಿಕೊಳ್ಳುತ್ತಾಳಲ್ಲ. ಕೈಯಲ್ಲಿರುವ ಫೋನಿನಲ್ಲಿ ಅವಳು ಕಾಣುವ ಚರ್ಮಗಳೆಲ್ಲ ಫಿಲ್ಟರ್‌ನಲ್ಲಿ ಸೋಸಿದವು, ಒಂದು ರಂಧ್ರವೂ ಇಲ್ಲದವು. ಇನ್ನೊಂದು ಭಯ ಬಾಯಿಗೆ ಬರುವುದಿಲ್ಲ: ಮುಂದೆ ಮದುವೆಯಾದಾಗ ಗಂಡ ಏನೆಂದಾನು? ತಾಯಿ ಇದನ್ನು ಅವಳು ಕೇಳುವ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಷ್ಟು ಹೊತ್ತಿಗೆ ಗೆರೆಗಳು ಮಾಸಿರುತ್ತವೆ, ಮತ್ತು ಆ ಗಂಡನ ಬೆನ್ನಿನಲ್ಲೂ ನಾಲ್ಕು ಇರುವ ಸಾಧ್ಯತೆ ಇದೆ.

ನೋವು ಮಾಡುವುದು ಗೆರೆಗಿಂತ ಹೆಚ್ಚಾಗಿ ಮಾತು. ಮದುವೆ ಮಂಟಪದಲ್ಲಿ ವರ್ಷಕ್ಕೊಮ್ಮೆ ಸಿಗುವ ಸಂಬಂಧಿಕರು ಸಲಾಮ್ ಹೇಳಿದ ಮರುಕ್ಷಣ ದಪ್ಪಗಾದೆ, ಕಪ್ಪಗಾದೆ ಎನ್ನುತ್ತಾರೆ. ಮನೆಯಲ್ಲಿ ಅಣ್ಣ ತಮಾಷೆಗೆ ಇಟ್ಟ ಅಡ್ಡಹೆಸರು ವರ್ಷಗಟ್ಟಲೆ ಉಳಿಯುತ್ತದೆ. ಪರಸ್ಪರ ಗೇಲಿ ಮಾಡುವುದನ್ನೂ ಅಡ್ಡಹೆಸರಿಡುವುದನ್ನೂ ಅದೇ ಅಲ್ ಹುಜುರಾತ್ ಅಧ್ಯಾಯದ 11ನೇ ಸೂಕ್ತ ತಡೆಯುತ್ತದೆ. ಅಬ್ದುಲ್ಲಾ ಇಬ್ನು ಮಸ್‌ಊದ್(ರ) ಅವರ ಕಾಲುಗಳು ಬಹಳ ಸಪೂರವಾಗಿದ್ದವು. ಒಮ್ಮೆ ಮಿಸ್ವಾಕ್‌ಗಾಗಿ ಅರಾಕ್ ಮರದ ಬಳಿ ಇದ್ದಾಗ ಗಾಳಿಗೆ ಬಟ್ಟೆ ಸರಿದು ಕಾಲು ಕಂಡಿತು, ಜೊತೆಯಲ್ಲಿದ್ದವರು ನಕ್ಕರು. ಪ್ರವಾದಿ(ಸ) ಆ ನಗುವಿಗೆ ಕಾರಣ ಕೇಳಿದರು. ಬಳಿಕ, ಆ ಕಾಲುಗಳು ಅಲ್ಲಾಹನ ತಕ್ಕಡಿಯಲ್ಲಿ ಉಹುದ್ ಪರ್ವತಕ್ಕಿಂತ ಭಾರ ತೂಗುತ್ತವೆ ಎಂದು ತಿಳಿಸಿದರು. ನಕ್ಕವರು ಸಾಮಾನ್ಯರಲ್ಲ, ಸಹಾಬಿಗಳು. ಆದರೂ ಅದನ್ನು ತಮಾಷೆಯೆಂದು ಬಿಟ್ಟುಬಿಡಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಗೆರೆ ಬಂದದ್ದು ದಪ್ಪಗಾದ್ದರಿಂದ ಎಂದುಕೊಂಡು ಊಟ ಬಿಡುವ ಹುಡುಗಿಯರಿದ್ದಾರೆ. ಸಪೂರವಾಗಿದ್ದು ಎತ್ತರ ಬೆಳೆಯುವವರಿಗೂ ಗೆರೆ ಬರುತ್ತದೆ. ತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ತೂಕ ಥಟ್ಟನೆ ಏರುವುದು ಒಂದು ಕಾರಣ ಹೌದು. ಆದರೆ ಹಸಿದು ಇಳಿಸುವುದು, ತಡೆಯಲಾಗದೆ ತಿಂದು ಮತ್ತೆ ಏರಿಸುವುದು ಚರ್ಮಕ್ಕೆ ಇನ್ನಷ್ಟು ಎಳೆದಾಟ. ರಮಝಾನಿನಲ್ಲಿ ಇದನ್ನು ತಾಯಂದಿರು ಸ್ವಲ್ಪ ಗಮನಿಸಬೇಕು. ಉಪವಾಸದ ಹೆಸರಿನಲ್ಲಿ ಸಹರಿಯನ್ನೂ ಬಿಟ್ಟು ಇಫ್ತಾರಿಗೆ ಎರಡು ಖರ್ಜೂರ ತಿಂದು ಏಳುವ ಹುಡುಗಿ ಆರಾಧನೆಗಿಂತ ತೂಕದ ಕಾಟದ ಮೇಲೆ ಕಣ್ಣಿಟ್ಟಿರಬಹುದು. ಊಟ ಬಿಡುವುದು, ತಿಂದು ವಾಂತಿ ಮಾಡುವುದು, ಮೈಗೆ ತಾನೇ ಗಾಯ ಮಾಡಿಕೊಳ್ಳುವುದು, ಯಾರೊಂದಿಗೂ ಬೆರೆಯದಿರುವುದು ಕಂಡರೆ ಅದು ಚರ್ಮದ ಸಮಸ್ಯೆಯಲ್ಲ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹಚ್ಚುವ ಔಷಧಿಗಳ ಮಾತು. ತೆಂಗಿನೆಣ್ಣೆ, ಆಲಿವ್ ಎಣ್ಣೆ, ಕೋಕೋ ಬೆಣ್ಣೆ ಇವುಗಳಿಂದ ಗೆರೆ ಬರುವುದನ್ನು ತಡೆಯಬಹುದು ಅಥವಾ ಬಂದದ್ದನ್ನು ಅಳಿಸಬಹುದು ಎನ್ನಲು ಬಲವಾದ ಪುರಾವೆ ಸಿಕ್ಕಿಲ್ಲ. ಹರಿದಿರುವುದು ಒಳಪದರ, ಎಣ್ಣೆ ನಿಲ್ಲುವುದು ಮೇಲೆ. ಒಣ ಚರ್ಮ ಮೃದುವಾಗುತ್ತದೆ, ತುರಿಕೆ ತಗ್ಗುತ್ತದೆ, ಅಷ್ಟು ಲಾಭಕ್ಕೆ ಮನೆಯ ತೆಂಗಿನೆಣ್ಣೆ ಸಾಕು. ಸಾವಿರ ರೂಪಾಯಿಯ ಬಾಟಲಿ ಬೇಡ. ನಿಂಬೆರಸ, ಬ್ಲೀಚ್, ಸ್ಕ್ರಬ್ ಹಾಕಿ ತಿಕ್ಕಿದರೆ ಕಪ್ಪು ಕಲೆ ಹೊಸದಾಗಿ ಸೇರಿಕೊಳ್ಳುತ್ತದೆ.

ನಿಜವಾದ ಅಪಾಯ ಇರುವುದು ಸ್ಟಿರಾಯ್ಡ್ ಮುಲಾಮಿನಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಹದಿಹರೆಯದವರ ತೊಡೆಸಂದಿ ಮತ್ತು ಕಂಕುಳಲ್ಲಿ ಕಾಣುವ ಅಗಲವಾದ ಗೆರೆಗಳಲ್ಲಿ ಅನೇಕ ಬೆಳವಣಿಗೆಯಿಂದ ಬಂದವಲ್ಲ, ಮುಲಾಮಿನಿಂದ ಬಂದವು. ಸೆಕೆ, ಬೆವರು, ಬಿಗಿಯಾದ ಲೆಗ್ಗಿಂಗ್ಸ್ ಅಥವಾ ಜೀನ್ಸ್, ಮೇಲೆ ಗಾಳಿಯಾಡದ ಸಿಂಥೆಟಿಕ್ ಬುರ್ಖಾ, ಇಷ್ಟಿದ್ದರೆ ತೊಡೆಸಂದಿಯಲ್ಲಿ ಹುಳುಕಡ್ಡಿ ಅಂದರೆ ಗಜಕರ್ಣ ಹುಟ್ಟಲು ಹೆಚ್ಚು ಹೊತ್ತು ಬೇಡ. ನಾಚಿಕೆಯಿಂದ ವೈದ್ಯರಿಗೆ ತೋರಿಸದೆ ಔಷಧಿ ಅಂಗಡಿಯಿಂದ ಒಂದು ಟ್ಯೂಬ್ ತರಿಸುತ್ತಾರೆ. ಅದರಲ್ಲಿ ಶಿಲೀಂಧ್ರದ ಔಷಧಿಯ ಜೊತೆ ತೀಕ್ಷ್ಣ ಸ್ಟಿರಾಯ್ಡ್ ಬೆರೆತಿರುತ್ತದೆ. ಎರಡೇ ದಿನದಲ್ಲಿ ತುರಿಕೆ ನಿಲ್ಲುವುದು ಸ್ಟಿರಾಯ್ಡ್‌ನಿಂದ, ರೋಗ ಒಳಗೇ ಇರುತ್ತದೆ. ನಿಲ್ಲಿಸಿದೊಡನೆ ಮೊದಲಿಗಿಂತ ದೊಡ್ಡದಾಗಿ ಮರಳುತ್ತದೆ, ಮತ್ತೆ ಹಚ್ಚುತ್ತಾರೆ. ಸ್ಟಿರಾಯ್ಡ್ ಕೊಲಾಜನ್ ತಯಾರಿಯನ್ನು ತಗ್ಗಿಸಿ ಚರ್ಮವನ್ನು ತೆಳುವಾಗಿಸುತ್ತದೆ. ಮಡಿಕೆಗಳ ಚರ್ಮ ಮೊದಲೇ ತೆಳು, ಔಷಧಿಯನ್ನು ಹೆಚ್ಚು ಹೀರುತ್ತದೆ. ವಾರಗಳಲ್ಲೇ ಅಲ್ಲಿ ಅಗಲವಾದ ಗೆರೆಗಳು ಬಿರಿಯುತ್ತವೆ, ಅವು ಶಾಶ್ವತ. ಗೆಳತಿ ಹೇಳಿದಳೆಂದು ಮುಖ ಬೆಳ್ಳಗಾಗಲು ಹಚ್ಚುವ ಕ್ರೀಮುಗಳಲ್ಲೂ ಇದೇ ವಸ್ತು ಇರುವುದುಂಟು.

ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರುಗಳಿವೆಯೇ ನೋಡಿ. ಚರ್ಮವೈದ್ಯರ ಒತ್ತಾಯದ ಬಳಿಕ 2018ರಲ್ಲಿ ಕೇಂದ್ರ ಸರಕಾರ ಇಂಥ 14 ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಕೇಳಿದರೆ ಕೊಡುವ ಅಂಗಡಿಗಳು ಈಗಲೂ ಇವೆ. ಇವು ಕೆಟ್ಟ ಔಷಧಿಗಳೇನಲ್ಲ, ಇಸುಬು ಮುಂತಾದವಕ್ಕೆ ವೈದ್ಯರು ದಿನ ಲೆಕ್ಕ ಹಾಕಿ ಕೊಡುತ್ತಾರೆ. ಹಾಗೆ ಕೊಟ್ಟದ್ದನ್ನು ಹೇಳಿದಷ್ಟೇ ದಿನ ಬಳಸಿ. ಉಬ್ಬಸ ಅಥವಾ ಮೂತ್ರಪಿಂಡದ ಕಾಯಿಲೆಗೆ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವ ಮಕ್ಕಳು ಗೆರೆಗೆ ಹೆದರಿ ಅದನ್ನು ತಟ್ಟನೆ ನಿಲ್ಲಿಸಲೇಬಾರದು, ಅದು ಪ್ರಾಣಕ್ಕೆ ಅಪಾಯ. ಹುಳುಕಡ್ಡಿ ಬಾರದಂತೆ ನೋಡಿಕೊಳ್ಳಲು ದೊಡ್ಡ ಖರ್ಚಿಲ್ಲ. ಗುಸ್ಲ್ ಆದ ಮೇಲೆ, ಶೌಚದ ಮೇಲೆ ತೊಡೆಸಂದಿಯನ್ನು ಒರೆಸಿ ಒಣಗಿಸಿಕೊಳ್ಳಬೇಕು. ಹತ್ತಿಯ ಒಳ ಉಡುಪು ಧರಿಸಿ ಅದನ್ನು ಬಿಸಿಲಲ್ಲಿ ಒಣಗಿಸಬೇಕು, ನಾಚಿಕೆಗೆ ಬೇರೆ ಬಟ್ಟೆಯ ಅಡಿಯಲ್ಲಿ ಮುಚ್ಚಿ ಒಣಗಿಸಬಾರದು. ಟವೆಲ್ ಒಬ್ಬೊಬ್ಬರಿಗೆ ಒಂದೊಂದಿರಲಿ. ಮನೆಯಲ್ಲಿ ಒಬ್ಬರಿಗೆ ಬಂದರೆ ತುರಿಕೆಯಿರುವ ಎಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು.

ಗೆರೆಗಳಿಗೇ ಚಿಕಿತ್ಸೆ ಇಲ್ಲವೇ? ಇದೆ, ಆದರೆ ಪೂರ್ತಿ ಅಳಿಸುವಂಥದ್ದಿಲ್ಲ. ಹೊಸ ಗೆರೆಗಳಿಗೆ ಚರ್ಮವೈದ್ಯರು ಕೆಲವೊಮ್ಮೆ ಟ್ರೆಟಿನಾಯಿನ್ ಕ್ರೀಮ್ ಬರೆಯುತ್ತಾರೆ, ಗರ್ಭಿಣಿಯರು ಅದನ್ನು ಮುಟ್ಟಬಾರದು. ಲೇಸರ್‌ಗೆ ಹಲವು ಸಲ ಹೋಗಬೇಕು, ಖರ್ಚು ಹೆಚ್ಚು, ಕಪ್ಪು ಚರ್ಮದಲ್ಲಿ ಕಲೆ ಉಳಿಯುವ ಸಂಭವವಿದೆ. ಇನ್ನೂ ಬೆಳೆಯುತ್ತಿರುವ ವಯಸ್ಸಿನಲ್ಲಿ ಕಾಯುವುದೇ ಮೇಲು.

ವೈದ್ಯರಿಗೆ ತೋರಿಸಲೇಬೇಕಾದ ಸಂದರ್ಭಗಳು ಕಡಿಮೆ. ಗೆರೆ ಕಿರುಬೆರಳಷ್ಟು ಅಗಲವಾಗಿ ಗಾಢ ನೇರಳೆಯಾಗಿದ್ದು, ಮುಖ ದುಂಡಗಾಗಿ, ತೂಕ ಏರುತ್ತಿದ್ದರೂ ಎತ್ತರ ನಿಂತುಹೋಗಿ, ಮುಟ್ಟು ತಪ್ಪಿದ್ದರೆ ದೇಹದಲ್ಲಿ ಕಾರ್ಟಿಸಾಲ್ ಹೆಚ್ಚಾಗಿದೆಯೇ ಎಂದು ಪರೀಕ್ಷಿಸಬೇಕು. ವಯಸ್ಸಿಗೆ ಮೀರಿದ ಎತ್ತರ, ಉದ್ದನೆಯ ಬೆರಳುಗಳು, ಅತಿಯಾಗಿ ಬಾಗುವ ಕೀಲುಗಳು, ದೃಷ್ಟಿದೋಷ ಜೊತೆಗಿದ್ದರೆ ಮಾರ್ಫನ್ ಎಂಬ ವಂಶವಾಹಿ ಕಾಯಿಲೆಯಿರಬಹುದು, ಆಗ ಹೃದಯವನ್ನೂ ನೋಡಬೇಕಾಗುತ್ತದೆ. ಮಗಳು ಬಯಸಿದರೆ ಮಹಿಳಾ ವೈದ್ಯರ ಬಳಿಗೇ ಕರೆದುಕೊಂಡು ಹೋಗಿ, ಗೆರೆ ಯಾವಾಗಿನಿಂದ ಎಂಬ ಪ್ರಶ್ನೆಗೆ ಅವಳೇ ಉತ್ತರಿಸಲಿ. ಈವರೆಗೆ ಹಚ್ಚಿದ ಟ್ಯೂಬುಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ.