ಬದುವಿನ ಮೇಲಿನ ಬೆಳ್ಳಿ ತೆನೆ

ಭಾದ್ರಪದ ಮುಗಿಯುವ ಹೊತ್ತಿಗೆ ಭಾಲ್ಕಿ ತಾಲ್ಲೂಕಿನ ಸಾಯಗಾಂವ ಸೀಮೆಯ ಹೊಲಗಳಲ್ಲಿ ಸೋಯಾ ಹಣ್ಣಾಗಿರುತ್ತದೆ, ತೊಗರಿ ಇನ್ನೂ ಹಚ್ಚಗಿರುತ್ತದೆ. ಬದುವಿನ ಮೇಲೆ, ಬೀಳು ನೆಲದಲ್ಲಿ, ಬೀದರದ ಕೆಂಪು ಜಂಬಿಟ್ಟಿಗೆ ಗುಡ್ಡಗಳ ಹುಲ್ಲಿನ ನಡುವೆ ಅದೇ ಹೊತ್ತಿಗೆ ಗುಲಾಬಿ ತುದಿಯ ಬಿಳಿ ತೆನೆಗಳು ನೆಟ್ಟಗೆ ಏಳುತ್ತವೆ. ಇದು ಅಣ್ಣೆ ಸೊಪ್ಪಿನ ಗಿಡ. ಮರಾಠಿಯವರಿಗೆ ಕುರ್ಡು, ತೆಲುಗರಿಗೆ ಗುನುಗು. 1753ರಲ್ಲಿ ಲಿನೇಯಸ್ ಇದಕ್ಕೆ ಕೊಟ್ಟ ಶಾಸ್ತ್ರೀಯ ಹೆಸರು ಸೆಲೋಸಿಯ ಅರ್ಜೆಂಟಿಯ.

ಮಳೆಗೆ ಹುಟ್ಟಿ, ಚಳಿಗಾಲದೊಳಗೆ ಬೀಜ ಉದುರಿಸಿ ಒಣಗುವ ಏಕವಾರ್ಷಿಕ ಇದು. ಮೊಣಕಾಲೆತ್ತರದಿಂದ ಸೊಂಟದೆತ್ತರದವರೆಗೆ ಬೆಳೆಯುತ್ತದೆ. ಗುರುತು ಹಿಡಿಯಲು ಮೊದಲು ಕಾಂಡ ಮುಟ್ಟಿ ನೋಡಿ: ರೋಮವಿಲ್ಲ, ಉದ್ದುದ್ದ ಗೀರುಗಳಿವೆ. ಎಲೆಗಳು ಈಟಿಯಾಕಾರ, ಒಂದಾದ ಮೇಲೊಂದು ಪರ್ಯಾಯವಾಗಿ ಕೂತಿರುತ್ತವೆ. ತೆನೆಯನ್ನು ಬೆರಳಲ್ಲಿ ಒತ್ತಿದರೆ ಕಾಗದದಂತೆ ಸರಸರ ಎನ್ನುತ್ತದೆ. ಹೂದಳಗಳೇ ಒಣಗಿದ ಪೊರೆಯಂತಿರುವುದು ಅದಕ್ಕೆ ಕಾರಣ. ಹೂ ಬುಡದಿಂದ ಮೇಲಕ್ಕೆ ಅರಳುತ್ತ ಹೋಗುತ್ತದೆ. ಹಳೆಯವು ಬೆಳ್ಳಗಾದಾಗಲೂ ತುದಿ ಗುಲಾಬಿಯಾಗಿಯೇ ಇರುತ್ತದೆ. ಭೂತಗನ್ನಡಿ ಇದ್ದರೆ ಐದು ಕೇಸರಗಳು ಬುಡದಲ್ಲಿ ಕೂಡಿ ಬಟ್ಟಲಾಗಿರುವುದು ಕಾಣುತ್ತದೆ. ಬಲಿತ ಕಾಯಿ ಮುಚ್ಚಳ ತೆರೆದಂತೆ ಅಡ್ಡಕ್ಕೆ ಬಿರಿದು ಹೊಳೆಯುವ ಕರಿ ಬೀಜ ಉದುರಿಸುತ್ತದೆ.

ಉತ್ತರಾಣಿಗೂ ಉದ್ದನೆಯ ತೆನೆಯಿದೆ. ಆದರೆ ಅದರ ಎಲೆಗಳು ಎದುರುಬದುರು, ಕೆಳಮುಖವಾದ ಕಾಯಿಗಳು ಧೋತರಕ್ಕೆ ಚುಚ್ಚಿಕೊಳ್ಳುತ್ತವೆ. ಹರಿವೆಯ ಕೇಸರಗಳು ಬಿಡಿಬಿಡಿ. ಅಂಗಳದ ಕೋಳಿಜುಟ್ಟು ಹತ್ತಿರದ ನೆಂಟ. ಮನುಷ್ಯ ಆರಿಸಿ ಬೆಳೆಸಿದ್ದರಿಂದ ಅದರ ತೆನೆ ಅಗಲವಾಗಿ ಮಡಿಕೆಗಟ್ಟಿದೆ. ಅಣ್ಣೆ ಗಿಡದ ತವರು ಭಾರತವೋ ಆಫ್ರಿಕವೋ ಎಂಬ ಬಗ್ಗೆ ಸಸ್ಯವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ನೈಜೀರಿಯದವರೂ ಇದರ ಸೊಪ್ಪನ್ನು ಬೆಳೆದು ಉಣ್ಣುತ್ತಾರೆ.

1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿ ಭಾಲ್ಕಿಯ ಜೊತೆ ಉದಗೀರ, ನಿಲಂಗಾ, ಜಹೀರಾಬಾದ್, ನಾರಾಯಣಖೇಡಗಳೂ ಇದ್ದವು. ಅಂದು ಆ ಜಿಲ್ಲೆ ಮೂರು ರಾಜ್ಯಗಳಿಗೆ ಪಾಲಾಯಿತು. ಗಿಡ ಮೂರೂ ಕಡೆ ಉಳಿಯಿತು. ಮಹಾರಾಷ್ಟ್ರದಲ್ಲಿ ಎಳೆ ಕುರ್ಡು ಮಳೆಗಾಲದ ಭಾಜಿಯಾಗುತ್ತದೆ. ತೆಲಂಗಾಣದಲ್ಲಿ ಮಹಾಲಯ ಅಮಾವಾಸ್ಯೆಯಿಂದ ದುರ್ಗಾಷ್ಟಮಿಯವರೆಗೆ ನಡೆಯುವ ಬತುಕಮ್ಮ ಹಬ್ಬಕ್ಕೆ ಗುನುಗಿನ ತೆನೆಯನ್ನು ಬಣ್ಣದಲ್ಲಿ ಅದ್ದಿ, ತಂಗಡಿ ಹೂವಿನ ಜೊತೆ ಸಾಲುಸಾಲಾಗಿ ಪೇರಿಸುತ್ತಾರೆ. 2014ರಲ್ಲಿ ಅದು ಅಲ್ಲಿನ ರಾಜ್ಯ ಹಬ್ಬವಾಯಿತು. ಕಳೆ ತೆಗೆಯುವವರಿಗೆ ಮಾತ್ರ ಎಲ್ಲ ಕಡೆಯೂ ಇದು ಕಸವೇ.

ಅವರ ಮಾತೂ ಸುಳ್ಳಲ್ಲ. ಸೋಯಾ ಸಾಲಿನಲ್ಲಿ ಬೆಳೆದ ಅಣ್ಣೆ ಗಿಡ ಬೆಳೆಯ ನೀರು, ಗೊಬ್ಬರ, ಬಿಸಿಲು ಮೂರನ್ನೂ ಕಸಿಯುತ್ತದೆ. ಆದರೆ ಬದುವಿನ ಮೇಲೆ ಅದೇ ಗಿಡದ ಹೂವಿಗೆ ಜೇನು, ಚಿಟ್ಟೆ ಬರುತ್ತವೆ. ಗುರುತು ಬಲ್ಲ ರೈತ ಸಾಲಿನೊಳಗಿನದನ್ನು ಬೀಜ ಕಟ್ಟುವ ಮೊದಲೇ ಕೀಳಬಹುದು, ಬದುವಿನದನ್ನು ಬಿಡಬಹುದು. ಕಳೆನಾಶಕ ಸಿಂಪಡಿಸದ ನೆಲವಾದರೆ ಎಳೆಯ ಕುಡಿ ಚಿವುಟಿ ಬೇಳೆಯ ಜೊತೆ ಬೇಯಿಸಬಹುದು. ಅದಕ್ಕೆ ತೆನೆ ಮೂಡುವ ಮುನ್ನವೇ ಹೋಗಬೇಕು. ಆಮೇಲೆ ಎಲೆ ಬಲಿತು ಒರಟಾಗುತ್ತದೆ.