ಸರಾಸರಿ ಅಂಕ: ಎಲ್ಲಿದೆ ನಡುಗೆರೆ?

ನೂರಕ್ಕೆ ಐವತ್ತು ಬಂದರೆ ಸರಾಸರಿ ಎಂಬುದು ಸಾಮಾನ್ಯ ತಿಳಿವಳಿಕೆ. ವಿಡಿಯೋ ಗೇಮ್ ಉದ್ಯಮದಲ್ಲಿ ಈ ಲೆಕ್ಕ ನಡೆಯದು.

ಅಮೆರಿಕದಲ್ಲಿ 2001ರಲ್ಲಿ ಆರಂಭವಾದ ಮೆಟಾಕ್ರಿಟಿಕ್, ವಿಮರ್ಶಕರು ನೀಡಿದ ಅಂಕಗಳನ್ನು ಕ್ರೋಡೀಕರಿಸಿ ನೂರಕ್ಕೆ ಇಷ್ಟೆಂದು ಪ್ರಕಟಿಸುತ್ತದೆ. ಚಲನಚಿತ್ರಕ್ಕೆ 61 ಅಂಕ ಬಂದರೆ ‘ಬಹುಮಟ್ಟಿಗೆ ಅನುಕೂಲಕರ’ ಎನ್ನುವ ಇದೇ ಸಂಸ್ಥೆ, ಗೇಮ್‌ಗೆ ಆ ಮನ್ನಣೆ ನೀಡಲು 75 ಅಂಕ ಬೇಕೆನ್ನುತ್ತದೆ. 50ರಿಂದ 74ರವರೆಗಿನ ಗೇಮ್‌ಗಳು ಕೇವಲ ‘ಮಿಶ್ರ ಅಥವಾ ಸಾಧಾರಣ’. ಗೇಮ್ ವಿಮರ್ಶಕರು ಅಳತೆಗೋಲಿನ ಮೇಲ್ಭಾಗವನ್ನೇ ಹೆಚ್ಚಾಗಿ ಬಳಸುವುದರಿಂದ ನಡುಗೆರೆಯೂ ಮೇಲಕ್ಕೆ ಸರಿದಿದೆ. ಇದು ಸರಳ ಸರಾಸರಿಯೂ ಅಲ್ಲ. ಕೆಲವು ಪತ್ರಿಕೆಗಳ ಅಂಕಕ್ಕೆ ಹೆಚ್ಚಿನ ತೂಕವಿರುತ್ತದೆ. ಆ ತೂಕ ಎಷ್ಟೆಂಬುದನ್ನು ಸಂಸ್ಥೆ ಬಹಿರಂಗಪಡಿಸಿಲ್ಲ.

ಹಣದ ವ್ಯವಹಾರ ಇಂತಹ ಅಂಕಕ್ಕೆ ತಳಕು ಹಾಕಿಕೊಂಡಾಗ ತೊಡಕು ಉಂಟಾಗುತ್ತದೆ. ಅಬ್ಸಿಡಿಯನ್ ಕಂಪನಿಯು ಪ್ರಕಾಶಕ ಸಂಸ್ಥೆ ಬೆಥೆಸ್ಡಾಕ್ಕಾಗಿ ತಯಾರಿಸಿದ ‘ಫಾಲ್‌ಔಟ್: ನ್ಯೂ ವೇಗಸ್’ 2010ರಲ್ಲಿ ಮಾರುಕಟ್ಟೆಗೆ ಬಂದಿತು. ಒಪ್ಪಂದದಲ್ಲಿ ರಾಯಧನವಿರಲಿಲ್ಲ, 85 ಅಂಕ ದೊರೆತರೆ ಮಾತ್ರ ಬೋನಸ್ ಎಂಬ ಷರತ್ತಿತ್ತೆಂದು ಕಂಪನಿಯ ಕ್ರಿಸ್ ಅವೆಲೋನ್ 2012ರಲ್ಲಿ ತಿಳಿಸಿದರು. ದೊರೆತದ್ದು 84. ಒಂದೇ ಅಂಕದಿಂದ ಬೋನಸ್ ಕೈತಪ್ಪಿತು.

ಖರೀದಿದಾರ ಕಂಪನಿಗಳು ಪೂರೈಕೆದಾರರಿಗೆ ಅಂಕ ನೀಡುವ ಪದ್ಧತಿ ಸಣ್ಣ ಉದ್ದಿಮೆದಾರರಿಗೂ ಹೊಸದಲ್ಲ. ಅಂಕ ನೀಡುವವರು ಯಾರು, ಸರಾಸರಿ ತೆಗೆಯುವ ವಿಧಾನ ಯಾವುದು, ಒಂದಂಕ ತಪ್ಪಿದರೆ ಪೂರ್ಣ ಮೊತ್ತ ನಷ್ಟವೋ ಅಥವಾ ಪ್ರಮಾಣಾನುಸಾರ ಪಾವತಿಯೋ ಎಂಬುದನ್ನು ಸಹಿಗೆ ಮುನ್ನವೇ ಬರೆಸಿಕೊಳ್ಳುವುದು ಲೇಸು.