ದನದ ಹೃದಯದಿಂದ ಬಂದ ಮಾತ್ರೆ

2025ರ ಜೂನ್ ತಿಂಗಳನ್ನು ಹಾಸನದವರು ಬೇಗ ಮರೆಯಲಾರರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಗಳಿಂದ ಹೃದಯಾಘಾತದ ಸಾವಿನ ಸುದ್ದಿ ಬರುತ್ತಲೇ ಇತ್ತು. ಸತ್ತವರಲ್ಲಿ ಇಪ್ಪತ್ತರ ಹರೆಯದವರೂ ಇದ್ದರು. ಜುಲೈನಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಉದ್ದದ ಸಾಲು. ಇಂಥ ದಿಗಿಲಿನಲ್ಲಿ, ಗುಂಡಿಗೆಗೆ ಬಲ ಎಂದು ಹೆಸರಾದ ಕೋಎನ್‌ಜೈಮ್ ಕ್ಯೂ10 ಮಾತ್ರೆ ನುಂಗಲೇ ಎಂದು ಕೇಳುವುದು ಸಹಜ. ಅದರ ಹುಟ್ಟು ತಿಳಿದರೆ ಅರ್ಧ ಉತ್ತರ ಸಿಕ್ಕಂತೆ.

1957ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಿಜ್ಞಾನಿ ಫ್ರೆಡರಿಕ್ ಕ್ರೇನ್ ದನದ ಹೃದಯದಿಂದ ಹಳದಿ ವಸ್ತುವೊಂದನ್ನು ಬೇರ್ಪಡಿಸಿದರು. ಜೀವಕೋಶ ಆಹಾರವನ್ನು ಶಕ್ತಿಯಾಗಿಸುವಾಗ ಎಲೆಕ್ಟ್ರಾನುಗಳನ್ನು ದಾಟಿಸುವ ಆ ವಸ್ತುವೇ ಕೋಎನ್‌ಜೈಮ್ ಕ್ಯೂ10. ನಮ್ಮ ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ. ಮರುವರ್ಷ ಮರ್ಕ್ ಔಷಧ ಕಂಪನಿಯ ಕಾರ್ಲ್ ಫೋಕರ್ಸ್ ತಂಡ ಅದರ ರಚನೆಯನ್ನು ಕಂಡುಹಿಡಿಯಿತು.

ನನಗೆ ವಿಚಿತ್ರವೆನಿಸಿದ್ದು ಮುಂದಿನದು. ಅದೇ ಮರ್ಕ್ 1987ರಲ್ಲಿ ಕೊಲೆಸ್ಟರಾಲ್ ಇಳಿಸುವ ಲೊವಾಸ್ಟ್ಯಾಟಿನ್ ಮಾತ್ರೆಯನ್ನು ತಂದಿತು. ದೇಹದಲ್ಲಿ ಕೊಲೆಸ್ಟರಾಲ್ ತಯಾರಾಗುವ ದಾರಿಯಲ್ಲೇ ಕ್ಯೂ10 ಕೂಡ ಹುಟ್ಟುತ್ತದೆ. ಸ್ಟ್ಯಾಟಿನ್ ಎಂದು ಕರೆಯುವ ಈ ಬಗೆಯ ಔಷಧ ಆ ದಾರಿಯನ್ನು ಕವಲೊಡೆಯುವ ಮೊದಲೇ ತಡೆಯುತ್ತದೆ. ಲೊವಾಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಕ್ಯೂ10 ಇಳಿಯುತ್ತದೆಂದು 1990ರಲ್ಲಿ ಫೋಕರ್ಸ್ ಮತ್ತು ಸಂಗಡಿಗರೇ ಬರೆದರು. ಅದೇ ವರ್ಷ ಮರ್ಕ್ ಎರಡನ್ನೂ ಕೂಡಿಸಿ ಕೊಡುವುದಕ್ಕೆ ಪೇಟೆಂಟ್ ಪಡೆಯಿತು. ಆದರೂ ಅಂಥ ಮಾತ್ರೆಯನ್ನು ಅದು ಮಾರಲಿಲ್ಲ.

ಹಾಗಾದರೆ ಕ್ಯೂ10 ಯಾರಿಗೆ? ಸ್ಟ್ಯಾಟಿನ್ ಶುರುವಾದ ಮೇಲೆ ತೊಡೆ, ಭುಜದ ಮಾಂಸಖಂಡ ನೋಯುತ್ತಿದ್ದರೆ ವೈದ್ಯರಿಗೆ ಹೇಳಬೇಕು. ಅವರು ಥೈರಾಯ್ಡ್ ನೋಡುತ್ತಾರೆ, ಡೋಸ್ ಬದಲಿಸುತ್ತಾರೆ. ಕೆಲವರು ಕ್ಯೂ10 ಕೊಟ್ಟು ನೋಡುವುದೂ ಉಂಟು. ಪ್ರಯೋಗಗಳಲ್ಲಿ ಅದರ ಗುಣ ಗಟ್ಟಿಯಾಗಿ ಸಾಬೀತಾಗಿಲ್ಲ. ಹೃದಯ ವೈಫಲ್ಯವಿದ್ದ 420 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ಆಸೆ ಹುಟ್ಟಿಸಿತು. ಅಲ್ಲಿಯೂ ಉಳಿದ ಔಷಧಗಳನ್ನು ಮುಂದುವರಿಸಿಯೇ ಇದನ್ನು ಕೊಟ್ಟದ್ದು. ಹುಟ್ಟಿನಿಂದಲೇ ಕ್ಯೂ10 ತಯಾರಿಸಲಾಗದ ಅಪರೂಪದ ಆನುವಂಶಿಕ ಕಾಯಿಲೆಗಳಲ್ಲಿ ಮಾತ್ರ ಇದು ನಿಜವಾದ ಚಿಕಿತ್ಸೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಹಾಸನದ ಸಾವುಗಳನ್ನು ಪರಿಶೀಲಿಸಿದ, ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಬೊಟ್ಟು ಮಾಡಿದ್ದು ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನದಂಥ ಹಳೆಯ ಶತ್ರುಗಳತ್ತ. ಆ ಮಾತು ಜನರ ಬಾಯಲ್ಲಿ ಉಳಿಯಲಿಲ್ಲ ಎಂಬುದೇ ನನ್ನ ಸಂಕಟ. ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಹರಿದರೆ ಮಾತ್ರೆ ಹುಡುಕುತ್ತಾ ಕೂರಬೇಡಿ. ತಕ್ಷಣ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಉಚಿತ.